ಓದುಗರ ಪ್ರಶ್ನೆ: ನರಕೋಶಗಳು ಮಾತಾಡುವುದು ಹೇಗೆ, ನಮ್ಮನ್ನು ಆಡಿಸುವುದು ಹೇಗೆ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ನರ, ಮಿದುಳು, ಡೋಪಮೈನ್ ಇವುಗಳ ಸುತ್ತಲೇ ಇದ್ದವು. ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡಿ ನಿವೃತ್ತಳಾದವಳು ನಾನು. ಇಂಥ ಪ್ರಶ್ನೆ ಬಂದರೆ ಖುಷಿಯಾಗುತ್ತದೆ, ಉತ್ತರವೂ ಉದ್ದವಾಗುತ್ತದೆ. ಐದು ಪತ್ರಗಳನ್ನು ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ನರಗಳಲ್ಲಿ ವಿದ್ಯುತ್ ಹರಿಯುತ್ತದೆ ಅಂತ ನಮ್ಮ ಪಾಠದಲ್ಲಿದೆ. ಹಾಗಾದರೆ ನಮಗೆ ಶಾಕ್ ಯಾಕೆ ಹೊಡೆಯುವುದಿಲ್ಲ? ಒಂದು ನರಕೋಶ ಇನ್ನೊಂದಕ್ಕೆ ಅಂಟಿಕೊಂಡಿಲ್ಲ ಅಂತಲೂ ಇದೆ. ಅಂಟಿಲ್ಲದಿದ್ದರೆ ಕರೆಂಟು ದಾಟುವುದು ಹೇಗೆ?
– 10ನೇ ತರಗತಿ ವಿದ್ಯಾರ್ಥಿನಿ, ಚನ್ನರಾಯಪಟ್ಟಣ

ಉತ್ತರ: ಮೊದಲು ಶಾಕಿನ ವಿಷಯ ಮುಗಿಸೋಣ ಮಗು. ಸುಮ್ಮನಿರುವ ನರಕೋಶದ ಒಳಗೂ ಹೊರಗೂ ಸುಮಾರು 70 ಮಿಲಿವೋಲ್ಟಿನ ವ್ಯತ್ಯಾಸ ಇರುತ್ತದೆ. ಟಾರ್ಚಿಗೆ ಹಾಕುವ ಸೆಲ್ಲಿನದು 1.5 ವೋಲ್ಟ್. ಅದರ ಇಪ್ಪತ್ತರಲ್ಲಿ ಒಂದು ಪಾಲು ಅಂದುಕೋ. ತಂತಿಯಲ್ಲಿ ಓಡುವಂತೆ ಇಲ್ಲಿ ಎಲೆಕ್ಟ್ರಾನುಗಳು ಉದ್ದಕ್ಕೆ ಓಡುವುದೂ ಇಲ್ಲ. ಕೋಶದ ಪೊರೆಯಲ್ಲಿ ಸೂಕ್ಷ್ಮ ರಂಧ್ರಗಳಿವೆ. ಅವು ತೆರೆದ ಕೂಡಲೇ ಹೊರಗಿನ ಸೋಡಿಯಂ ಅಯಾನುಗಳು, ಅಂದರೆ ವಿದ್ಯುದಂಶ ಹೊತ್ತ ಕಣಗಳು, ಒಳಕ್ಕೆ ನುಗ್ಗುತ್ತವೆ, ಅದರ ಹಿಂದೆಯೇ ಒಳಗಿನ ಪೊಟ್ಯಾಸಿಯಂ ಹೊರಕ್ಕೆ ಹೋಗುತ್ತದೆ. ಸೆಕೆಂಡಿನ ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತಿನಲ್ಲಿ ಈ ಏರಿಳಿತ ಮುಗಿಯುತ್ತದೆ. ಅಷ್ಟರಲ್ಲಿ ಪಕ್ಕದ ಜಾಗದ ರಂಧ್ರಗಳು ತೆರೆದಿರುತ್ತವೆ, ಆಮೇಲೆ ಅದರ ಪಕ್ಕದವು. ಸಂಕೇತ ಮುಂದೆ ಸಾಗುವುದು ಹೀಗೆ. ಇಂಗ್ಲೆಂಡಿನ ಹಾಜ್ಕಿನ್ ಮತ್ತು ಹಕ್ಸ್‌ಲಿ ಇದನ್ನು ಸ್ಕ್ವಿಡ್ ಎಂಬ ಸಮುದ್ರಜೀವಿಯ ದಪ್ಪ ನರತಂತುವಿನಲ್ಲಿ ಅಳೆದು, 1952ರಲ್ಲಿ ಲೆಕ್ಕ ಸಮೇತ ಬರೆದಿಟ್ಟರು.

ಸಂಕೇತ ಓಡುವ ವೇಗ ಎಲ್ಲ ನರಕ್ಕೂ ಒಂದೇ ಅಲ್ಲ. ದಪ್ಪ ನರತಂತುವಿನಲ್ಲಿ ಸೆಕೆಂಡಿಗೆ 120 ಮೀಟರಿನವರೆಗೂ ಹೋಗುತ್ತದೆ, ಮಂದ ನೋವನ್ನು ಒಯ್ಯುವ ತೆಳು ತಂತುವಿನಲ್ಲಿ ಸೆಕೆಂಡಿಗೆ ಸುಮಾರು ಒಂದೇ ಮೀಟರ್. ಹೊಸಿಲಿಗೆ ಕಾಲ್ಬೆರಳು ಎಡವಿದಾಗ ಗಮನಿಸು. ತಾಗಿದ್ದು ಆ ಕ್ಷಣವೇ ಗೊತ್ತಾಗುತ್ತದೆ. ಕಣ್ಣಲ್ಲಿ ನೀರು ತರಿಸುವ ಉರಿನೋವು ಒಂದು ಸೆಕೆಂಡಿನಷ್ಟು ತಡವಾಗಿ ಬರುತ್ತದೆ.

ಇನ್ನು ನಿನ್ನ ಎರಡನೇ ಪ್ರಶ್ನೆ. ಅದೇ ನಿಜವಾಗಿ ದೊಡ್ಡದು. ನರಕೋಶಗಳೆಲ್ಲ ಒಂದಕ್ಕೊಂದು ಹೆಣೆದ ಒಂದೇ ಬಲೆ ಎಂದು ಇಟಲಿಯ ಗಾಲ್ಗಿ ವಾದಿಸಿದರು. ಇಲ್ಲ, ಪ್ರತಿ ಕೋಶವೂ ಬೇರೆ ಬೇರೆ ಎಂದು ಸ್ಪೇನಿನ ಕಹಾಲ್ ವಾದಿಸಿದರು. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು. ಗಾಲ್ಗಿ ತಮ್ಮ ನೊಬೆಲ್ ಉಪನ್ಯಾಸದಲ್ಲೂ ಕಹಾಲರ ಸಿದ್ಧಾಂತವನ್ನು ಒಪ್ಪಲಿಲ್ಲ. ಕೊನೆಗೆ 1950ರ ದಶಕದಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಹಾಲರ ಮಾತು ನಿಜವಾಗಿತ್ತು. ಎರಡು ಕೋಶಗಳ ನಡುವೆ ಮಿಲಿಮೀಟರಿನ ಐವತ್ತು ಸಾವಿರದಲ್ಲಿ ಒಂದು ಭಾಗದಷ್ಟು ಸಂದು ಕಂಡಿತು. ಕೋಶಗಳು ಸಂಧಿಸುವ ಈ ಜಾಗಕ್ಕೆ ಸಿನಾಪ್ಸ್ ಎನ್ನುತ್ತೇವೆ.

ಆ ಸಂದನ್ನು ಬಹುಪಾಲು ಕಡೆ ದಾಟುವುದು ಕರೆಂಟಲ್ಲ, ರಾಸಾಯನಿಕ. ಇದನ್ನು ತೋರಿಸಿಕೊಟ್ಟವರು ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೊ ಲೋವಿ. 1921ರಲ್ಲಿ ಅವರು ಎರಡು ಕಪ್ಪೆಗಳ ಹೃದಯ ತೆಗೆದು ಉಪ್ಪುನೀರಿನಲ್ಲಿಟ್ಟರು. ಎರಡೂ ಬಡಿದುಕೊಳ್ಳುತ್ತಿದ್ದವು. ಒಂದರ ವೇಗಸ್ ನರವನ್ನು ಕೆಣಕಿದಾಗ ಅದರ ಬಡಿತ ನಿಧಾನವಾಯಿತು. ಆ ಹೃದಯದ ಸುತ್ತಲಿದ್ದ ನೀರನ್ನು ತೆಗೆದು ಎರಡನೇ ಹೃದಯಕ್ಕೆ ಹಾಕಿದರು. ಅದರ ನರವನ್ನು ಯಾರೂ ಮುಟ್ಟಿರಲಿಲ್ಲ, ಆದರೂ ಅದೂ ನಿಧಾನವಾಯಿತು. ನರ ಏನನ್ನೋ ಸುರಿಸಿತ್ತು, ಅದು ನೀರಿಗೆ ಇಳಿದಿತ್ತು. ಅದೇ ಅಸಿಟೈಲ್‌ಕೋಲಿನ್. 1936ರಲ್ಲಿ ಲೋವಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಂತು. ಎರಡೇ ವರ್ಷಕ್ಕೆ ನಾಜಿಗಳು ಲೋವಿಯವರನ್ನು ಬಂಧಿಸಿದರು. ಅವರು ಯಹೂದಿ. ಬಹುಮಾನದ ಹಣವನ್ನು ಬರೆಸಿಕೊಂಡ ಮೇಲೆಯೇ ದೇಶ ಬಿಡಲು ಬಿಟ್ಟರು. ವಿದ್ಯಾರ್ಥಿಗಳಿಗೆ ನಾನು ಇದನ್ನು ಪ್ರಯೋಗದ ಜೊತೆಗೇ ಹೇಳುತ್ತಿದ್ದೆ. ಗೊತ್ತಿರಬೇಕಾದ ವಿಷಯ.

ನಮ್ಮ ಕಾಲದಲ್ಲಿ ಈ ಪ್ರಯೋಗದ ಸಣ್ಣ ರೂಪವನ್ನು ಪ್ರಾಕ್ಟಿಕಲ್‌ನಲ್ಲಿ ಮಾಡಿಸುತ್ತಿದ್ದೆವು. ಸಿಲಿಂಡರಿಗೆ ಹೊಳಪಿನ ಕಾಗದ ಸುತ್ತಿ, ಉರಿಯ ಮೇಲೆ ತಿರುಗಿಸಿ ಮಸಿ ಹಿಡಿಸುವುದು. ಬಾಗಿಸಿದ ಗುಂಡುಸೂಜಿಯನ್ನು ಕಪ್ಪೆಯ ಹೃದಯದ ತುದಿಗೆ ಸಿಕ್ಕಿಸಿ, ದಾರ ಕಟ್ಟಿ, ಒಂದು ಹಗುರ ಕಡ್ಡಿಗೆ ಜೋಡಿಸುವುದು. ಸಿಲಿಂಡರ್ ನಿಧಾನ ತಿರುಗುತ್ತಿದ್ದರೆ ಕಡ್ಡಿ ಮಸಿಯನ್ನು ಗೀರುತ್ತದೆ, ಕಪ್ಪಿನ ಮೇಲೆ ಬಿಳಿ ಗೆರೆ ಮೂಡುತ್ತದೆ, ಒಂದೊಂದು ಬಡಿತಕ್ಕೆ ಒಂದೊಂದು ಏರು. ಡ್ರಾಪರಿನಿಂದ ಒಂದು ಹನಿ ಅಸಿಟೈಲ್‌ಕೋಲಿನ್ ಹಾಕಿದರೆ ಏರುಗಳು ಗಿಡ್ಡವಾಗುತ್ತವೆ, ದೂರ ದೂರವಾಗುತ್ತವೆ, ಕೆಲವೊಮ್ಮೆ ಗೆರೆ ಚಪ್ಪಟೆಯಾಗಿ ನಿಂತೇ ಬಿಡುತ್ತದೆ. ಉಪ್ಪುನೀರಿನಿಂದ ತೊಳೆದರೆ ಮತ್ತೆ ಶುರು. ಆಮೇಲೆ ಅದೇ ಬಾಟಲಿಯ ಅದೇ ದ್ರಾವಣವನ್ನು ಕಪ್ಪೆಯ ಹೊಟ್ಟೆಯ ಸ್ನಾಯುವಿನ ಪಟ್ಟಿಗೆ ಹಾಕಿಸುತ್ತಿದ್ದೆವು. ಅದು ಸಡಿಲವಾಗುವುದಿಲ್ಲ, ಬಿಗಿಯಾಗುತ್ತದೆ! ಗೆರೆ ಮೇಲಕ್ಕೇರುತ್ತದೆ. ಹೃದಯವನ್ನು ನಿಧಾನ ಮಾಡಿದ ರಾಸಾಯನಿಕವೇ ಹೊಟ್ಟೆಯ ಸ್ನಾಯುವನ್ನು ಬಿಗಿಯಿತು. ಇನ್ನೊಂದು ಸಲ, ಅಸಿಟೈಲ್‌ಕೋಲಿನ್ ಹೋಗಿ ಕೂರುವ ಜಾಗವನ್ನು ಮುಚ್ಚಿಬಿಡುವ ಅಟ್ರೋಪಿನ್ ಎಂಬ ಔಷಧವನ್ನು ಹೃದಯಕ್ಕೆ ಮೊದಲು ಹಾಕಿ ಆಮೇಲೆ ಅಸಿಟೈಲ್‌ಕೋಲಿನ್ ಹಾಕಿದರೆ ಏನೂ ಆಗುವುದಿಲ್ಲ. ರಾಸಾಯನಿಕ ಅಲ್ಲೇ ಇದೆ, ಕೇಳುವವರಿಲ್ಲ.

ಈಗ ಕಪ್ಪೆ ಕೊಯ್ಯುವುದು ನಿಂತಿದೆ, ಕಂಪ್ಯೂಟರಿನಲ್ಲಿ ತೋರಿಸುತ್ತಾರೆ. ಕಪ್ಪೆಗಳ ದೃಷ್ಟಿಯಿಂದ ಒಳ್ಳೆಯದೇ. ಆದರೆ ಆ ಎರಡು ಗೆರೆಗಳನ್ನು ನೀನು ಎಲ್ಲಾದರೂ ಅಕ್ಕಪಕ್ಕ ಇಟ್ಟು ನೋಡಲೇಬೇಕು. ರಾಸಾಯನಿಕಕ್ಕೆ ತನ್ನದೇ ಅರ್ಥವಿಲ್ಲ. ಅದನ್ನು ಹಿಡಿದುಕೊಳ್ಳುವ ಕೋಶದ ಮೇಲೆ ಯಾವ ಗ್ರಾಹಕ ಇದೆ ಎಂಬುದೇ ಮುಂದೆ ಏನಾಗಬೇಕೆಂದು ತೀರ್ಮಾನಿಸುತ್ತದೆ. ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದೊಂದಕ್ಕೂ ಸಾವಿರಾರು ಕಡೆಯಿಂದ ಸಂಕೇತ ಬರುತ್ತಿರುತ್ತದೆ. ಕೆಲವು ‘ಹೊರಡು’ ಎನ್ನುತ್ತವೆ, ಕೆಲವು ‘ಬೇಡ’ ಎನ್ನುತ್ತವೆ. ಎಲ್ಲವನ್ನೂ ಕೂಡಿ ಕಳೆದು ಕೋಶ ತನ್ನ ಸಂಕೇತ ಹೊರಡಿಸುತ್ತದೆ, ಇಲ್ಲವೇ ಸುಮ್ಮನಿರುತ್ತದೆ. ನೀನು ಕೈ ಎತ್ತುವುದು, ಅಮ್ಮನ ಮೇಲೆ ರೇಗುವುದು, ರೇಗಬಾರದು ಎಂದು ತಡೆದುಕೊಳ್ಳುವುದು, ಎಲ್ಲಕ್ಕೂ ಈ ಕೂಡುವ ಕಳೆಯುವ ಕೆಲಸ ಬೇಕು.

ಪ್ರಶ್ನೆ: ನನ್ನ ತಮ್ಮ ತೋಟದ ಮನೆಯಲ್ಲಿ ನೆಲದ ಮೇಲೆ ಮಲಗಿದ್ದಾಗ ಕಟ್ಟುಹಾವು ಕಚ್ಚಿತು. ಬೆಳಗಿನ ಜಾವ ಹೊಟ್ಟೆನೋವು ಅಂದ, ಆಮೇಲೆ ರೆಪ್ಪೆ ಮುಚ್ಚಿಕೊಂಡವು, ಕೈಕಾಲು ಬಿದ್ದುಹೋಯಿತು. ಆಸ್ಪತ್ರೆಯಲ್ಲಿ ವೆಂಟಿಲೇಟರ್ ಹಾಕಿದರು. ದೇವರ ದಯೆ, ಬದುಕಿದ. ಈಗ ಅವನು ಹೇಳುವುದು ಕೇಳಿ ನಮಗೆ ಮೈ ಜುಮ್ಮೆನ್ನುತ್ತದೆ. ಆ ಹೊತ್ತಿನಲ್ಲಿ ನಾವು ಮಂಚದ ಪಕ್ಕ ನಿಂತು ಆಡಿದ ಮಾತೆಲ್ಲ ಅವನಿಗೆ ಕೇಳಿಸುತ್ತಿತ್ತಂತೆ. ಇದು ಸಾಧ್ಯವೇ?
– ಅಡಿಕೆ ಬೆಳೆಗಾರರು, ತೀರ್ಥಹಳ್ಳಿ ತಾಲೂಕು

ಉತ್ತರ: ಖಂಡಿತ ಸಾಧ್ಯ. ನಿಮ್ಮ ತಮ್ಮ ಹೇಳುವುದನ್ನು ನಂಬಿ.

ಕಟ್ಟುಹಾವಿನ ವಿಷ ಮುಖ್ಯವಾಗಿ ಕೆಲಸ ಮಾಡುವುದು ನರ ಬಂದು ಸ್ನಾಯುವಿಗೆ ಸೇರುವ ಜಾಗದಲ್ಲಿ. ಮೇಲೆ ಹೇಳಿದ ಅದೇ ಅಸಿಟೈಲ್‌ಕೋಲಿನ್ ಅಲ್ಲಿ ಸಂದನ್ನು ದಾಟಿ ಸ್ನಾಯುವಿಗೆ ‘ಬಿಗಿಯಾಗು’ ಎನ್ನಬೇಕು. ಈ ವಿಷ ನರದ ತುದಿಯನ್ನೇ ಹಾಳುಮಾಡುತ್ತದೆ, ರಾಸಾಯನಿಕ ಹೊರಬರುವುದೇ ಇಲ್ಲ. ಮೊದಲು ರೆಪ್ಪೆ ಎತ್ತುವ ಸಣ್ಣ ಸ್ನಾಯುಗಳು ಸೋಲುತ್ತವೆ, ಆಮೇಲೆ ನುಂಗುವುದು, ಮಾತು, ಕೊನೆಗೆ ಉಸಿರಾಟ. ಮಿದುಳಿನೊಳಕ್ಕೆ ಈ ವಿಷ ಹೋಗುವುದಿಲ್ಲ. ಉಸಿರಾಟ ಸರಿಯಾಗಿ ನಡೆಸಿಕೊಟ್ಟರೆ ಮಿದುಳು ಎಚ್ಚರವಾಗಿಯೇ ಇರುತ್ತದೆ, ಕಿವಿ ಕೇಳುತ್ತದೆ, ನೋವು ತಿಳಿಯುತ್ತದೆ. ಕಣ್ಣು ಮುಚ್ಚಿದೆ, ಕರೆದರೆ ಅಲುಗಾಡುವುದಿಲ್ಲ ಎಂದ ಮಾತ್ರಕ್ಕೆ ಪ್ರಜ್ಞೆ ಇಲ್ಲ ಎಂದು ತಿಳಿಯಬಾರದು. ವೆಂಟಿಲೇಟರಿನಲ್ಲಿರುವ ಇಂಥ ರೋಗಿಯ ಪಕ್ಕ ನಿಂತು ‘ಇನ್ನು ಇವನ ಕಥೆ ಮುಗಿಯಿತು’ ಅಂತ ದಯವಿಟ್ಟು ಯಾರೂ ಅನ್ನಬೇಡಿ. ಕೈ ಹಿಡಿದು, ಎಲ್ಲಿದ್ದೀಯ, ಯಾಕೆ ಹೀಗಾಗಿದೆ, ವಾಸಿಯಾಗುತ್ತದೆ ಎಂದು ಹೇಳಿ.

ನಾಗರಹಾವಿನ ವಿಷ ಇದೇ ಜಾಗದಲ್ಲಿ ಬೇರೆ ಬಗೆಯ ಕೆಲಸ ಮಾಡುತ್ತದೆ. ನರ ರಾಸಾಯನಿಕವನ್ನು ಬಿಡುತ್ತದೆ, ಆದರೆ ವಿಷ ಹೋಗಿ ಸ್ನಾಯುವಿನ ಗ್ರಾಹಕಗಳ ಮೇಲೆ ಕೂತಿರುತ್ತದೆ. ಹಾಗಾಗಿ ಸಂದಿನಲ್ಲಿ ಅಸಿಟೈಲ್‌ಕೋಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುವ ನಿಯೋಸ್ಟಿಗ್ಮಿನ್ ಇಂಜೆಕ್ಷನ್ ನಾಗರ ಕಚ್ಚಿದಾಗ ಎಷ್ಟೋ ಸಲ ಉಪಯೋಗಕ್ಕೆ ಬರುತ್ತದೆ. ಕಟ್ಟುಹಾವು ಕಚ್ಚಿದಾಗ ಅಷ್ಟು ಫಲ ಸಿಗುವುದಿಲ್ಲ, ನರದ ತುದಿ ಮತ್ತೆ ಚಿಗುರಿ ಬರುವವರೆಗೆ ಕಾಯಬೇಕು. ನಿಮ್ಮ ತಮ್ಮನಿಗೆ ಅಷ್ಟು ದಿನ ವೆಂಟಿಲೇಟರ್ ಬೇಕಾದದ್ದು ಅದಕ್ಕೇ.

ಮಲೆನಾಡಿನ ಓದುಗರಿಗೆಲ್ಲ ಒಂದು ಮಾತು. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ಮಲಗಿದವರನ್ನು. ಗಾಯ ಕಾಣಿಸದೇ ಹೋಗಬಹುದು, ಊತ ಇರುವುದಿಲ್ಲ. ನೆಲದ ಮೇಲೆ ಮಲಗಿದ್ದವರಿಗೆ ಬೆಳಗಿನ ಜಾವ ಕಾರಣವಿಲ್ಲದೆ ಹೊಟ್ಟೆನೋವು, ಗಂಟಲುನೋವು ಬಂದು ರೆಪ್ಪೆ ಜೋತುಬಿದ್ದರೆ ಗ್ಯಾಸ್ಟ್ರಿಕ್ ಎಂದು ಕೂರಬೇಡಿ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ನಾಟಿ ಔಷಧ ಎಂದು ಹೊತ್ತು ಕಳೆಯುವುದು ಬೇಡ. ನೇರವಾಗಿ ವಿಷನಿರೋಧಕ ಇಂಜೆಕ್ಷನ್ ಇರುವ ಆಸ್ಪತ್ರೆಗೆ. ನಮ್ಮ ದೇಶದಲ್ಲಿ ಸಿಗುವ ಇಂಜೆಕ್ಷನ್ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ಹಾವನ್ನು ಹಿಡಿದು ತರಬೇಕಿಲ್ಲ. ಸೊಳ್ಳೆಪರದೆಯನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿದರೆ ಹಾವಿನಿಂದಲೂ ರಕ್ಷಣೆ.

ಪ್ರಶ್ನೆ: ಪಿಯುಸಿ ಓದುವ ಮಗ ರಾತ್ರಿ ಒಂದು ಗಂಟೆಯವರೆಗೂ ರೀಲ್ಸ್ ನೋಡುತ್ತಾನೆ. ಅವನ ಮಿದುಳಿನಲ್ಲಿ ಡೋಪಮೈನ್ ಜಾಸ್ತಿಯಾಗಿದೆ, ‘ಡೋಪಮೈನ್ ಉಪವಾಸ’ ಮಾಡಿಸಿ ಅಂತ ಯಾರೋ ಹೇಳಿದರು. ಮಾಡಿಸಬಹುದೇ?
– ಗೃಹಿಣಿ, ದಾವಣಗೆರೆ

ಉತ್ತರ: ಮೊಬೈಲ್ ಬಿಡಿಸುವುದು ಒಳ್ಳೆಯದೇ. ಆದರೆ ಅದಕ್ಕೆ ಡೋಪಮೈನ್ ಉಪವಾಸ ಎಂಬ ಹೆಸರು ಕೊಡಬೇಡಿ. ಅಸಿಟೈಲ್‌ಕೋಲಿನ್ ಹಾಗೆಯೇ ಡೋಪಮೈನ್ ಕೂಡ ನರಕೋಶಗಳ ನಡುವೆ ಸಂಕೇತ ಒಯ್ಯುವ ರಾಸಾಯನಿಕ. ಅದು ನಿಜವಾಗಿಯೂ ಬರಿದಾದರೆ ಏನಾಗುತ್ತದೆ ಎಂಬುದು ನಮಗೆ ಚೆನ್ನಾಗಿ ಗೊತ್ತು. ಅದು ಗೊತ್ತಾಗಿದ್ದು ನಮ್ಮದೇ ಸರ್ಪಗಂಧದ ಬೇರಿನಿಂದ.

ಸರ್ಪಗಂಧವನ್ನು ನಮ್ಮಲ್ಲಿ ಬುದ್ಧಿಭ್ರಮಣೆಗೆ ಬಹಳ ಹಿಂದಿನಿಂದ ಕೊಡುತ್ತಿದ್ದರು. ಅದು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು 1949ರಲ್ಲಿ ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ ಬ್ರಿಟಿಷ್ ಪತ್ರಿಕೆಯೊಂದರಲ್ಲಿ ಬರೆದ ಮೇಲೆ ಜಗತ್ತಿನ ಕಣ್ಣು ಅದರ ಮೇಲೆ ಬಿತ್ತು. 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಬೇರಿನಿಂದ ರೆಸರ್ಪಿನ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಸ್ವೀಡನ್ನಿನ ಆರ್ವಿಡ್ ಕಾರ್ಲ್‌ಸನ್ ಅದನ್ನು ಮೊಲಗಳಿಗೆ ಕೊಟ್ಟು ನೋಡಿದರು. ಮೊಲಗಳು ಕಿವಿ ಇಳಿಬಿಟ್ಟುಕೊಂಡು ಅಲುಗದೆ ಬಿದ್ದುಕೊಂಡವು. ನರದ ತುದಿಯಲ್ಲಿ ರಾಸಾಯನಿಕಗಳನ್ನು ತುಂಬಿಡುವ ಪುಟ್ಟ ಚೀಲಗಳನ್ನು ರೆಸರ್ಪಿನ್ ಖಾಲಿ ಮಾಡಿಸುತ್ತದೆ. ಅದರಲ್ಲಿ ಡೋಪಮೈನ್ ಕೂಡ ಹೋಗಿತ್ತು. ಆಮೇಲೆ ಎಲ್-ಡೋಪಾ, ಅಂದರೆ ಡೋಪಮೈನ್ ತಯಾರಾಗುವ ಕಚ್ಚಾವಸ್ತುವನ್ನು ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಮೊಲಗಳು ಎದ್ದು ಓಡಾಡತೊಡಗಿದವು. 1957ರಲ್ಲಿ ಪ್ರಕಟವಾದ ಕೆಲಸ ಇದು. ಡೋಪಮೈನ್ ಇಲ್ಲದ ಪ್ರಾಣಿ ಸಂಯಮಿ ಆಗುವುದಿಲ್ಲ, ಎದ್ದು ಹೋಗಿ ಹುಲ್ಲು ತಿನ್ನಲೂ ಆಗದೆ ಮಲಗುತ್ತದೆ.

ಹಾಗಾದರೆ ರೀಲ್ಸ್ ಹಿಡಿದಿಡುವುದು ಹೇಗೆ? ವುಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಕೋತಿಗಳ ಡೋಪಮೈನ್ ಕೋಶಗಳ ಸದ್ದನ್ನೇ ತಂತಿಯಿಟ್ಟು ಕೇಳಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕರೆ ಕೋಶಗಳು ಜೋರಾಗಿ ಮಿಡಿಯುತ್ತವೆ. ದೀಪ ಹತ್ತಿದ ಮೇಲೆ ರಸ ಬರುತ್ತದೆ ಎಂದು ಕೋತಿ ಕಲಿತ ಮೇಲೆ, ಮಿಡಿತ ದೀಪಕ್ಕೆ ಬರುತ್ತದೆ, ರಸಕ್ಕೆ ಅಲ್ಲ. ದೀಪ ಹತ್ತಿಯೂ ರಸ ಬರದಿದ್ದರೆ ಇದ್ದ ಮಿಡಿತವೂ ಆ ಕ್ಷಣಕ್ಕೆ ನಿಲ್ಲುತ್ತದೆ. ಅಂದರೆ ಈ ಕೋಶಗಳು ಸುಖದ ಅಳತೆ ಕೊಡುತ್ತಿಲ್ಲ. ‘ಎಣಿಸಿದ್ದಕ್ಕಿಂತ ಚೆನ್ನಾಗಿದೆ, ಎಣಿಸಿದ್ದಕ್ಕಿಂತ ಕಡಿಮೆ’ ಎಂದು ತಿಳಿಸಿ ಮುಂದಿನ ನಡೆಯನ್ನು ಕಲಿಸುತ್ತಿವೆ. ರೀಲ್ಸಿನಲ್ಲಿ ಹತ್ತು ಸಪ್ಪೆ, ಹನ್ನೊಂದನೆಯದು ಭಾರಿ ಮಜಾ. ಯಾವಾಗ ಬರುತ್ತದೋ ಗೊತ್ತಿಲ್ಲ. ಬೆರಳು ಸರಿಸುವುದು ರೂಢಿಯಾಗುವುದಕ್ಕೆ ಈ ಅನಿಶ್ಚಿತವೇ ಸಾಕು.

ಹುಡುಗನನ್ನು ಬೈದು ಪ್ರಯೋಜನವಿಲ್ಲ ತಾಯಿ, ಅವನ ಮಿದುಳು ಮಾಡಬೇಕಾದ ಕೆಲಸವನ್ನೇ ಮಾಡುತ್ತಿದೆ. ಕೋತಿಗೆ ದೀಪ ಇದ್ದಂತೆ ಅವನಿಗೆ ಫೋನೇ ಸುಳಿವು, ಆ ಸುಳಿವನ್ನು ತೆಗೆಯಿರಿ. ಫೋನು ರಾತ್ರಿ ಅಡುಗೆಮನೆಯಲ್ಲಿ ಚಾರ್ಜ್ ಆಗಲಿ, ನಿಮ್ಮದೂ ಅದರ ಪಕ್ಕದಲ್ಲೇ. ಅಲಾರಂಗೆ ಫೋನ್ ಬೇಕು ಎನ್ನುತ್ತಾನೆ, ಒಂದು ಗಡಿಯಾರ ತಂದುಕೊಡಿ. ಮೊದಲ ವಾರ ಸಿಡಿಮಿಡಿ ಇದ್ದೇ ಇರುತ್ತದೆ.

ಪ್ರಶ್ನೆ: ನಮ್ಮ ತಂದೆ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಕಂಪವಾತ ಇದೆ. ಮಾತ್ರೆ ಬದಲಾಯಿಸಿದ ಮೇಲೆ ನಡಿಗೆ ಸುಧಾರಿಸಿತು. ಆದರೆ ಬೀಡಿಗೂ ದುಡ್ಡು ಕಳೆಯದಿದ್ದವರು ಈಗ ಪೆನ್ಷನ್ ಬಂದ ದಿನವೇ ಕ್ಲಬ್ಬಿಗೆ ಹೋಗಿ ಇಸ್ಪೀಟು ಆಡುತ್ತಾರೆ. ಸಾಲವಾಗಿದೆ. ಅವ್ವ ಊರಲ್ಲಿ ತಲೆ ಎತ್ತುವ ಹಾಗಿಲ್ಲ ಅಂತ ಅಳುತ್ತಾಳೆ. ಈ ಮಾತ್ರೆ ಬಿಡಿಸಿ ನಸುಗುನ್ನಿ ಬೀಜದ ಪುಡಿ ಕೊಡಬೇಕೆಂದಿದ್ದೇವೆ. ಅದರಲ್ಲೂ ಅದೇ ಔಷಧ ಇದೆಯಂತೆ, ಹೌದೇ?
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ಈ ಪತ್ರವನ್ನು ಓದಿ ನನಗೆ ತಡೆಯಲಾಗಲಿಲ್ಲ. ಎಲ್ಲಕ್ಕಿಂತ ಮೊದಲು ಅವ್ವನಿಗೆ ಹೇಳಿ: ಇದು ನಿಮ್ಮ ತಂದೆಯ ಗುಣ ಕೆಟ್ಟಿದ್ದಲ್ಲ, ಮಾತ್ರೆಯ ಪರಿಣಾಮ ಇರುವ ಸಾಧ್ಯತೆ ಬಹಳ. ವೈದ್ಯರಿಗೆ ಇದು ಗೊತ್ತಿರುವ ತೊಂದರೆ. ಅಮೆರಿಕ ಮತ್ತು ಕೆನಡಾದಲ್ಲಿ 3,090 ಕಂಪವಾತ ರೋಗಿಗಳನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೂರಕ್ಕೆ ಸುಮಾರು 14 ಜನರಲ್ಲಿ ಜೂಜು, ಮಿತಿಮೀರಿದ ಖರೀದಿ, ಅತಿಯಾಗಿ ತಿನ್ನುವುದು, ಲೈಂಗಿಕ ಆತುರ ಇವುಗಳಲ್ಲಿ ಒಂದಾದರೂ ಕಂಡುಬಂದಿತ್ತು. ಡೋಪಮೈನಿನ ಬದಲು ತಾವೇ ಅದರ ಗ್ರಾಹಕಗಳನ್ನು ಹಿಡಿಯುವ ಪ್ರಮಿಪೆಕ್ಸೋಲ್, ರೋಪಿನಿರೋಲ್ ಗುಂಪಿನ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಇನ್ನೂ ಹೆಚ್ಚು. ನಾಚಿಕೆಯಿಂದ ಮನೆಯವರು ಹೇಳುವುದಿಲ್ಲ, ಡಾಕ್ಟರು ಕೈ ನಡುಕವನ್ನಷ್ಟೇ ನೋಡಿ ಕಳಿಸುತ್ತಾರೆ.

ಯಾಕೆ ಹೀಗಾಗುತ್ತದೆ? ಮಿದುಳಿನ ಬುಡದಲ್ಲಿರುವ ಡೋಪಮೈನ್ ಕೋಶಗಳು ಕಂಪವಾತದಲ್ಲಿ ಸಾಯುತ್ತಾ ಹೋಗುತ್ತವೆ. ಸಾಯುವುದು ಎಲ್ಲ ಕಡೆ ಸಮನಾಗಿ ಅಲ್ಲ. ಚಲನೆ ನೋಡಿಕೊಳ್ಳುವ ಭಾಗಕ್ಕೆ ಡೋಪಮೈನ್ ಒದಗಿಸುವ ಕೋಶಗಳು ಮೊದಲು, ಹೆಚ್ಚಾಗಿ ಸಾಯುತ್ತವೆ. ಆಸೆ, ಪ್ರತಿಫಲ, ಕಲಿಕೆಗೆ ಸಂಬಂಧಿಸಿದ ಭಾಗಕ್ಕೆ ಹೋಗುವವು ಬಹಳಷ್ಟು ಉಳಿದಿರುತ್ತವೆ. ತೋಟದಲ್ಲಿ ಒಂದು ಸಾಲು ಒಣಗಿದೆ ಅಂತ ಕಾಲುವೆಗೆ ನೀರು ಬಿಟ್ಟರೆ, ಮೊದಲೇ ತೇವ ಇರುವ ಸಾಲಿಗೂ ಅದೇ ನೀರು ನುಗ್ಗಿ ನಿಲ್ಲುತ್ತದಲ್ಲ, ಹಾಗೆ. ಒಂದು ಕಡೆ ಕಾಲು ಎತ್ತಿ ನಡೆಸಿದ ಮಾತ್ರೆಯೇ ಇನ್ನೊಂದು ಕಡೆ ‘ಇನ್ನೊಂದು ಆಟ ಆಡು, ಈ ಸಲ ಬರುತ್ತದೆ’ ಎಂಬ ಒತ್ತಡವನ್ನು ಹುಟ್ಟಿಸುತ್ತದೆ. ಸಾಲದ್ದಕ್ಕೆ ಪ್ರಮಿಪೆಕ್ಸೋಲ್ ಥರದ ಔಷಧಗಳು ಹೆಚ್ಚಾಗಿ ಹಿಡಿಯುವ ಗ್ರಾಹಕಗಳು ಆಸೆಯ ಭಾಗದಲ್ಲೇ ದಟ್ಟವಾಗಿವೆ. ಸೋತಾಗ ಡೋಪಮೈನ್ ಕೋಶಗಳು ಸುಮ್ಮನಾಗಿ ‘ಬೇಡ’ ಎಂದು ಕಲಿಸಬೇಕು ಎಂದು ಮೇಲೆ ಹೇಳಿದೆನಲ್ಲ. ಮಾತ್ರೆ ಗ್ರಾಹಕದ ಮೇಲೆ ಕೂತೇ ಇರುವಾಗ ಆ ಮೌನ ಕೇಳಿಸುವುದಿಲ್ಲ. ಸೋಲಿನ ಪಾಠ ತಲೆಗೆ ಇಳಿಯುವುದಿಲ್ಲ.

ಈಗ ನಸುಗುನ್ನಿ. ನೀವು ಕೇಳಿದ್ದು ನಿಜ. ಅದರ ಬೀಜದಲ್ಲಿ ಎಲ್-ಡೋಪಾ ಇದೆ, ಅದನ್ನು 1937ರಲ್ಲೇ ದಾಮೋದರನ್ ಮತ್ತು ರಾಮಸ್ವಾಮಿ ಎಂಬ ನಮ್ಮ ದೇಶದ ವಿಜ್ಞಾನಿಗಳು ಬೇರ್ಪಡಿಸಿ ತೋರಿಸಿದ್ದರು. ಕಾರ್ಲ್‌ಸನ್ನರ ಮೊಲಗಳಿಗಿಂತ ಇಪ್ಪತ್ತು ವರ್ಷ ಮೊದಲು! ಕಾಯಿಯ ಮೇಲಿನ ರೋಮ ತಾಗಿ ಮೈಯೆಲ್ಲ ತುರಿಸಿಕೊಂಡವರಿಗೆ ಆ ಬಳ್ಳಿಯ ಪರಿಚಯ ಚೆನ್ನಾಗಿರುತ್ತದೆ. ಆದರೆ ಪುಡಿಯಲ್ಲಿ ಎಷ್ಟು ಔಷಧ ಇದೆ ಎನ್ನುವುದು ಬೀಜದಿಂದ ಬೀಜಕ್ಕೆ ಬೇರೆ. ಎಲ್-ಡೋಪಾವನ್ನು ಹಾಗೇ ಕೊಟ್ಟರೆ ಬಹುಪಾಲು ಮಿದುಳು ಸೇರುವ ಮೊದಲೇ ಮೈಯಲ್ಲಿ ಡೋಪಮೈನ್ ಆಗಿ ವಾಂತಿ ತರುತ್ತದೆ, ರಕ್ತದೊತ್ತಡ ಇಳಿಸುತ್ತದೆ. ಅದಕ್ಕೇ ಆಸ್ಪತ್ರೆಯ ಮಾತ್ರೆಯಲ್ಲಿ, ಮೈಯಲ್ಲಿ ಹಾಗಾಗದಂತೆ ತಡೆಯುವ ಕಾರ್ಬಿಡೋಪಾವನ್ನು ಸೇರಿಸಿರುತ್ತಾರೆ. ಹಳೆಯ ಮಾತ್ರೆಯ ಜೊತೆಗೆ ಪುಡಿಯೂ ಸೇರಿದರೆ ಡೋಸು ಹೆಚ್ಚಾಗಿ ಕೈಕಾಲು ತಾವಾಗಿ ಕುಣಿಯಬಹುದು.

ಮಾತ್ರೆಯನ್ನು ದಿಢೀರನೆ ನಿಲ್ಲಿಸುವುದಂತೂ ಬೇಡವೇ ಬೇಡ. ತೀವ್ರ ಆತಂಕ, ಖಿನ್ನತೆ ಬರಬಹುದು, ಮೈ ಸೆಟೆದು ಜ್ವರ ಏರಿ ಜೀವಕ್ಕೇ ಅಪಾಯವಾಗಬಹುದು. ಈ ವಾರವೇ ನರರೋಗ ತಜ್ಞರ ಹತ್ತಿರ ಹೋಗಿ. ಜೊತೆಗೆ ನೀವೂ ಒಳಗೆ ಹೋಗಿ, ಇಸ್ಪೀಟು, ಸಾಲ ಎಲ್ಲ ಬಾಯಿಬಿಟ್ಟು ಹೇಳಿ, ಮಾತ್ರೆಯ ಹಾಳೆಗಳನ್ನು ತೋರಿಸಿ. ಸ್ವಲ್ಪ ಸ್ವಲ್ಪವಾಗಿ ಇಳಿಸಿ ಬೇರೆ ಔಷಧಕ್ಕೆ ತಿರುಗಿಸಿದಾಗ ಎಷ್ಟೋ ಜನರಲ್ಲಿ ಈ ಚಟ ಕಡಿಮೆಯಾಗುತ್ತದೆ. ಅಲ್ಲಿಯವರೆಗೆ ಬ್ಯಾಂಕ್ ಪಾಸ್‌ಬುಕ್, ಎಟಿಎಂ ಕಾರ್ಡ್ ಅವ್ವನ ಕೈಯಲ್ಲಿರಲಿ, ಆದರೆ ತಂದೆಯವರಿಗೆ ಕಾರಣ ತಿಳಿಸಿ, ಅವರ ಒಪ್ಪಿಗೆಯಿಂದ. ಜೀವನವಿಡೀ ಮಕ್ಕಳಿಗೆ ಪಾಠ ಹೇಳಿದವರು, ವಿವರಿಸಿದರೆ ಅವರಿಗೆ ಅರ್ಥವಾಗುತ್ತದೆ.

ಪ್ರಶ್ನೆ: ರಾತ್ರಿ ಊಟವಾದ ಮೇಲೆ ಕಾಫಿ ಕುಡಿದರೂ ನನಗೆ ಗಡದ್ದಾಗಿ ನಿದ್ದೆ. ನನ್ನ ಹೆಂಡತಿ ಸಂಜೆ ಐದಕ್ಕೆ ಕುಡಿದರೂ ಹೊರಳಾಡುತ್ತಾಳೆ. ಕಾಫಿ ಒಂದೇ, ಡಿಕಾಕ್ಷನ್ ಒಂದೇ. ವ್ಯತ್ಯಾಸ ಎಲ್ಲಿ?
– ಬ್ಯಾಂಕ್ ನೌಕರರು, ಮೈಸೂರು

ಉತ್ತರ: ಎಚ್ಚರ ಇದ್ದಷ್ಟೂ ಹೊತ್ತು ಮಿದುಳಿನಲ್ಲಿ ಅಡೆನೊಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಅದು ನರಕೋಶಗಳ ಗ್ರಾಹಕಗಳನ್ನು ಹಿಡಿದು ತೂಕಡಿಕೆ ತರುತ್ತದೆ. ಕೆಫೀನ್ ಆ ಗ್ರಾಹಕಗಳ ಮೇಲೆ ತಾನು ಕೂತು, ಏನೂ ಮಾಡದೆ ಜಾಗ ಹಿಡಿದಿರುತ್ತದೆ. ಹಾಗಾಗಿ ಕಾಫಿ ದಣಿವನ್ನು ಕಳೆಯುವುದಿಲ್ಲ, ದಣಿವಿನ ಸಂಕೇತ ತಲುಪದಂತೆ ಮಾಡುತ್ತದೆ. ಕುಡಿದ ಕೆಫೀನಿನಲ್ಲಿ ಅರ್ಧ ಕರಗಲು ಸಾಮಾನ್ಯವಾಗಿ ಸುಮಾರು ಐದು ಗಂಟೆ ಬೇಕು, ಆದರೆ ಅದನ್ನು ಒಡೆಯುವ ಯಕೃತ್ತಿನ ಕಿಣ್ವ ಒಬ್ಬೊಬ್ಬರಲ್ಲಿ ಒಂದೊಂದು ವೇಗದಲ್ಲಿ ಕೆಲಸ ಮಾಡುತ್ತದೆ. ಸಿಗರೇಟು ಸೇದುವವರಲ್ಲಿ ಬೇಗ ಒಡೆಯುತ್ತದೆ, ಗರ್ಭಿಣಿಯರಲ್ಲಿ ತುಂಬ ತಡವಾಗಿ. ಅಡೆನೊಸಿನ್ ಗ್ರಾಹಕದಲ್ಲೂ ಹುಟ್ಟಿನಿಂದ ಬಂದ ವ್ಯತ್ಯಾಸಗಳಿವೆ. ನಿಮ್ಮ ಹೆಂಡತಿಯವರು ನೆಪ ಹೇಳುತ್ತಿಲ್ಲ, ಅವರ ಕಾಫಿ ಮಧ್ಯಾಹ್ನಕ್ಕೇ ಮುಗಿಯಲಿ. ನಿಮಗೆ ನಿದ್ದೆ ಬಂದರೂ ಆಳವಾದ ನಿದ್ದೆಯ ಪಾಲು ಕಡಿಮೆಯಾಗಿರಬಹುದು. ಎರಡು ವಾರ ರಾತ್ರಿಯ ಲೋಟ ಬಿಟ್ಟು, ಬೆಳಗ್ಗೆ ಏಳುವಾಗ ಮೈ ಹೇಗಿರುತ್ತದೆ ನೋಡಿ ಬರೆಯಿರಿ.